ಗಾಜಿನ ಬಾಗಿಲಲ್ಲಿ ಪ್ರೊಡಾನನ ಹೆಸರು

ಮೂರನೇ ಸಲ ಅಂಟಿಸಿದ ಸಾವಿನ ಚೀಟಿಯನ್ನೂ ಕಟ್ಟಡದ ಮ್ಯಾನೇಜರ್ ಗಲಿನ್ ಬ್ಲೇಡಿನಿಂದ ಕೆರೆದು ಹಾಕಿದ್ದ. ಬಾಗಿಲ ಗಾಜಿನ ಮೇಲೆ ಚೀಟಿಯ ಚಿತ್ರದಲ್ಲಿದ್ದ ಗಂಡನ ಅರ್ಧ ಕಿವಿ ಮಾತ್ರ ಉಳಿದಿತ್ತು. ನೋಡಿ ರಾಯ್ನಾಳ ಮೈಯೆಲ್ಲ ಉರಿದುಹೋಯಿತು.

ನಾಳೆಗೆ ಪ್ರೊಡಾನ್ ಸತ್ತು ನಲವತ್ತು ದಿನ, ಅವನ ಹೆಸರಲ್ಲಿ ಪ್ರಾರ್ಥಿಸುವ ದಿನ. ಸತ್ತವನ ಚಿತ್ರ, ಹೆಸರು ಅವನ ಬಾಗಿಲಲ್ಲೇ ಇಲ್ಲದಿದ್ದರೆ ಅವನಿಗಾಗಿ ದೇವರಲ್ಲಿ ಬೇಡುವವರು ಯಾರು? ಅವನ ಹಳೇ ಮನೆ, ಹಿತ್ತಲು, ಎರಡು ಚೆರ್ರಿ ಮರಗಳನ್ನು ನುಂಗಿಯೇ ಸೋಫಿಯಾ ನಗರದ ಈ ಮೂವತ್ತು ಅಂತಸ್ತಿನ ಕಟ್ಟಡ ಎದ್ದದ್ದು. ಕೆಳಗೆ ಅಂಗಡಿ, ಅದರ ಮೇಲೆ ಆಫೀಸು, ಹೋಟೆಲು. ಜಾಗ ಬಿಟ್ಟುಕೊಟ್ಟವರಿಗೆ ಹತ್ತೊಂಬತ್ತನೇ ಮಹಡಿಯಲ್ಲಿ ಎರಡು ಕೋಣೆ.

“ಅಜ್ಜೀ, ಹಿಂದ್ಗಡೆ ಕಸದ ಬಾಗ್ಲಿದೆ, ಅಲ್ಲಿ ಅಂಟಿಸ್ಕೊಳ್ಳಿ. ಹೋಟೆಲಲ್ಲಿ ಇಳಿದೋರು ಬೆಳಗ್ಗೆ ಎದ್ದು ಸತ್ತೋರ ಮುಖ ನೋಡ್ಬೇಕಾ?” ಎಂದ ಗಲಿನ್.

“ನಿನ್ನ ಮುಖ ನೋಡಿ ತಡ್ಕೊಳ್ತಾರಲ್ಲ, ಇದೇನು ಮಹಾ! ನಿಮ್ಮಪ್ಪ ಹೋದಾಗ ಕಸದ ಬಾಗ್ಲಿಗೆ ಅಂಟಿಸಿದ್ಯೇನೋ?”

ಗಲಿನ್ ಕೆಂಪಗಾದ. “ಇನ್ನೊಂದು ಚೀಟಿ ಕಂಡ್ರೆ ಪೊಲೀಸರನ್ನೇ ಕರೀತೀನಿ.”

ಉಳಿದದ್ದು ಒಂದೇ ಚೀಟಿ. ಮರುದಿನ ಬೆಳಗ್ಗೆ ರಾಯ್ನಾ ಅದನ್ನು ತನ್ನ ಕಪ್ಪು ಕೋಟಿನ ಎದೆಗೆ ನಾಲ್ಕು ಪಿನ್ನು ಹಾಕಿ ಚುಚ್ಚಿಕೊಂಡಳು. ಬೇಯಿಸಿದ ಗೋಧಿಗೆ ಸಕ್ಕರೆ, ಆಕ್ರೋಟು ಬೆರೆಸಿ ಕಾಗದದ ಲೋಟಗಳಲ್ಲಿ ತುಂಬಿದಳು. ಒಂಬತ್ತು ಗಂಟೆಗೆ ಸರಿಯಾಗಿ ಗಾಜಿನ ಬಾಗಿಲಿಗೆ ಅಡ್ಡ ನಿಂತಳು.

ಸತ್ತವರ ಹೆಸರಲ್ಲಿ ಕೊಟ್ಟದ್ದನ್ನು ಆ ಊರಲ್ಲಿ ಯಾರೂ ಬೇಡವೆನ್ನುವಂತಿಲ್ಲ, ಥ್ಯಾಂಕ್ಸ್ ಅನ್ನುವಂತೆಯೂ ಇಲ್ಲ; ಸತ್ತವರ ಹೆಸರು ಹೇಳಿ ‘ದೇವರು ಕ್ಷಮಿಸಲಿ’ ಅನ್ನಬೇಕು. ಎದ್ದುಬಿದ್ದು ಓಡುತ್ತಿದ್ದ ಆಫೀಸಿನವರೆಲ್ಲ ನಿಂತರು. ಎದೆಯ ಮೇಲಿನ ಹೆಸರು ಓದಿ, “ಪ್ರೊಡಾನನ್ನ ದೇವರು ಕ್ಷಮಿಸಲಿ” ಎಂದು ಲೋಟ ತೆಗೆದುಕೊಂಡರು. ಕಾವಲುಗಾರನೂ ತಿಂದ.

ಗಲಿನ್ ಓಡಿ ಬಂದ. “ಏನಿದು ರಂಪ? ಮೊದ್ಲು ಕಿತ್ತು ಬಿಸಾಕಿ ಅದನ್ನ!” ಎಂದು ಅವಳ ಎದೆಯತ್ತ ಕೈ ಚಾಚಿದ.

“ಬಾರೋ, ಕೆರಿ. ಬ್ಲೇಡು ತಂದಿದೀಯಾ?”

ಚಮಚ ಬಾಯಲ್ಲಿಟ್ಟುಕೊಂಡೇ ಎಲ್ಲರೂ ಅವನನ್ನು ನೋಡುತ್ತಿದ್ದರು. ಚಾಚಿದ ಕೈ ಅಲ್ಲೇ ನಿಂತಿತು. ರಾಯ್ನಾ ಅದರಲ್ಲಿ ಒಂದು ಲೋಟ ಇಟ್ಟಳು. ಚಿಕ್ಕಂದಿನಿಂದ ತಾಯಿ ಹೇಳಿಕೊಟ್ಟ ಮಾತು ಅವನನ್ನು ಕೇಳದೆಯೇ ಬಾಯಿಂದ ಬಂತು: “ದೇವರು ಕ್ಷಮಿಸಲಿ.”

“ಯಾರನ್ನ?”

ಗಲಿನ್ ಮೂರು ಸಲ ಕೆರೆದಿದ್ದನೇ ಹೊರತು ಒಂದು ಸಲವೂ ಓದಿರಲಿಲ್ಲ. ಎಲ್ಲರೆದುರು ತಲೆ ಬಗ್ಗಿಸಿ ಅವಳ ಕೋಟಿನ ಮೇಲಿನ ಅಕ್ಷರ ಹುಡುಕಿದ.

“ಪ್ರೊಡಾನ್... ಪ್ರೊಡಾನ್ ಮಾಂಚೆವ್.”

“ಜೋರಾಗಿ ಹೇಳು,” ಎಂದಳು ರಾಯ್ನಾ. “ಅವನ ಹಿತ್ತಲಲ್ಲೇ ನಿಂತಿದೀಯ.”