ಗುಲಾಬಿ ನರ್ಸಮ್ಮನ ಎಲೆ

ಗುಲಾಬಿ ನರ್ಸಮ್ಮನನ್ನು ಪ್ರೀತಿಸದವರು ಕಾಪುವಿನಲ್ಲಿ ಯಾರಿದ್ದರು ಹೇಳಿ! ಮಣಿಪಾಲದ ಆಸ್ಪತ್ರೆಯಲ್ಲಿ ಆಯಸ್ಸೆಲ್ಲ ಹಸುಗೂಸುಗಳನ್ನು ಮೀಯಿಸಿ, ಒರೆಸಿ, ಬಟ್ಟೆ ಸುತ್ತಿ ತಾಯಂದಿರ ಕೈಗಿತ್ತವಳು. ನಿವೃತ್ತಿಯಾದ ಮೇಲಾದರೂ ಪುರುಸೊತ್ತು ಸಿಕ್ಕಿತೇ? ಮಗು ಹಾಲು ಕಕ್ಕುತ್ತದೆ, ಅಳು ನಿಲ್ಲಿಸುವುದಿಲ್ಲ ಎಂದು ಉದ್ಯಾವರದಿಂದಲೂ ಜನ ರಿಕ್ಷಾ ಮಾಡಿಕೊಂಡು ಬರುತ್ತಿದ್ದರು. ಅದೂ ಸರಿಯಾಗಿ ಅವಳು ಊಟಕ್ಕೆ ಕೂತ ಹೊತ್ತಿಗೆ.

2003ರಲ್ಲಿ ಅವಳು ತೀರಿಕೊಂಡಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಉತ್ತರಕ್ರಿಯೆಯ ಊಟಕ್ಕೆ, ಬೊಜ್ಜದ ದಿನ, "ನನ್ನನ್ನು ಮೊದಲು ಮೀಯಿಸಿದ್ದೇ ಅವರು" ಎನ್ನುತ್ತ ಹೊಟ್ಟೆ ಬೆಳೆದ ಗಂಡಸರು ಪಂಕ್ತಿ ಪಂಕ್ತಿಯಾಗಿ ಕೂತು, ಕಣ್ಣೊರೆಸಿಕೊಂಡು, ಪಾಯಸಕ್ಕೆ ಎರಡನೇ ಸಲ ಕೈ ಒಡ್ಡಿದರು.

ಮರುದಿನದ್ದು ಮನೆಯವರ ಕೆಲಸ. ತೀರಿಕೊಂಡವರಿಗೆ ಇಷ್ಟವಾದ ಅಡುಗೆ ಮಾಡಿ, ಒಳಕೋಣೆಯಲ್ಲಿ ಎಲೆಗೆ ಬಡಿಸಿ, ಬಾಗಿಲು ಹಾಕಿಕೊಂಡು ಹೊರಗೆ ಕಾಯಬೇಕು. ಅವರು ಬಂದು ಉಂಡ ಮೇಲೆ ಉಳಿದವರಿಗೆ. ಅಡುಗೆಯ ಹೊಣೆ ಮೊಮ್ಮಗಳು ಯಶ್ಮಿತಾಳದ್ದು.

"ಅಜ್ಜಿಗೆ ಎಂತ ಇಷ್ಟ?" ಎಂದು ಕೇಳಿದಳು.

"ಬಂಗುಡೆ ಪುಳಿಮುಂಚಿ. ಕೇಳಲಿಕ್ಕೆ ಉಂಟಾ?" ಎಂದ ಅವಳ ಅಪ್ಪ ಭುಜಂಗ. ಹುಳಿಖಾರದ ಬಂಗುಡೆ ಮೀನು ಇಲ್ಲದಿದ್ದರೆ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಸುಮ್ಮನಿರು ಮಾರಾಯ! ಅಮ್ಮನಿಗೆ ಸೇಮಿಗೆ, ಕಾಯಿಹಾಲು ಅಂದ್ರೆ ಜೀವ," ಎಂದಳು ಕಾರ್ಕಳದಿಂದ ಬಂದಿದ್ದ ಅತ್ತೆ ಸ್ವರ್ಣಲತಾ. ಅದು ಯಾರ ಜೀವವೆಂದು ಮನೆಗೆಲ್ಲ ಗೊತ್ತಿತ್ತು. ಅತ್ತೆಯ ಮಗ, ನಿಟ್ಟೆಯ ಕಾಲೇಜಿನ ಸುಕೇಶ್, ಅಜ್ಜಿಗೆ ಗಡ್‌ಬಡ್ ಐಸ್‌ಕ್ರೀಮ್ ಭಾರೀ ಇಷ್ಟ ಎಂದು ಆಣೆ ಹಾಕಿದ. ಉಡುಪಿಯಲ್ಲಿ ಅಜ್ಜಿ ಕೊಡಿಸಿದ್ದು ನಿಜ, ತಿಂದದ್ದು ಅವನು.

ಯಶ್ಮಿತಾಳಿಗೆ ಮೈಯೆಲ್ಲ ಉರಿಯಿತು. ಅಜ್ಜಿಗೆ ಪ್ರೀತಿಯದ್ದು ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ ಎಂದು ಹೇಳಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡಳು. ಅಯ್ಯೋ ದೇವರೇ, ಗಟ್ಟಿ ತನಗಿಷ್ಟ. ಅಜ್ಜಿ ತಿನ್ನುವುದನ್ನು ನೆನಪಿಸಿಕೊಳ್ಳಲು ನೋಡಿದಳು. ಪಾತ್ರೆಯ ತಳದಲ್ಲಿ ಇದ್ದದ್ದನ್ನೆಲ್ಲ ಅನ್ನಕ್ಕೆ ಕಲಸಿ, ಕಿವಿಯನ್ನು ಬಾಗಿಲಿಗೆ ಕೊಟ್ಟು, ಅಗಿಯದೆ ನುಂಗುವ ಅಜ್ಜಿ ಕಂಡಳು. "ಮಕ್ಕಳಿಗೆ ತಡೆಯಲಿಕ್ಕೆ ಆಗ್ತದಾ ಮಗಾ? ನಮಗೆ ಆಗ್ತದೆ" ಎಂದು ಅರ್ಧ ಎಲೆಯಿಂದ ಏಳುವುದೂ ಕಂಡಿತು. ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಏನಿಷ್ಟವೋ ಆ ದೇವರಿಗೇ ಗೊತ್ತು, ಇವತ್ತೊಂದು ದಿನ ಅಜ್ಜಿ ಕೂತಲ್ಲಿಂದ ಏಳದೆ ಹೊಟ್ಟೆ ತುಂಬ ಉಣ್ಣಲಿ, ಅಷ್ಟು ಸಾಕು ಎಂದು ನಿಶ್ಚಯಿಸಿದಳು.

ಎಲ್ಲರೂ ಹೇಳಿದ್ದನ್ನೆಲ್ಲ ಬಡಿಸಿದಳು. ಐಸ್‌ಕ್ರೀಮು ಸಹ. "ನಿಧಾನ ಉಣ್ಣಿ ಅಜ್ಜಿ" ಎಂದು ಹೇಳಿ, ಬಾಗಿಲು ಎಳೆದು, ಅದಕ್ಕೆ ಬೆನ್ನು ಕೊಟ್ಟು ಕೂತಳು.

ಸ್ವಲ್ಪ ಹೊತ್ತಿಗೇ ಭುಜಂಗನಿಗೆ ಪುಳಿಮುಂಚಿಯ ಪರಿಮಳ ತಡೆಯದಾಯಿತು. "ಸಾಕು, ತೆಗಿ. ಅಮ್ಮನ ಊಟ ಎಷ್ಟು ಹೊತ್ತಿನದ್ದು? ಎರಡು ತುತ್ತಿನವಳು."

"ಅವರು ಉಂಡು ಆಗಲಿಲ್ಲ ಅಪ್ಪ."

ಅಷ್ಟರಲ್ಲಿ ಚಾವಡಿಯ ಚಾಪೆಯಲ್ಲಿ ಮಲಗಿದ್ದ ಕೂಸು, ಸ್ವರ್ಣಲತಾಳ ಮಗಳ ಮಗು, ಕಿಟಾರನೆ ಕಿರುಚಿತು. ಮಗುವಿನ ತಾಯಿ ಬಚ್ಚಲಲ್ಲಿದ್ದಳು. ಉಳಿದವರು ಯಾರೂ ಅಲುಗಲಿಲ್ಲ. ರೂಢಿಯಂತೆ ಎಲ್ಲರೂ ಆ ಮುಚ್ಚಿದ ಬಾಗಿಲನ್ನೇ ನೋಡಿದರು. ಭುಜಂಗ "ಅಮ್ಮಾ, ಮಗು..." ಎಂದೇಬಿಟ್ಟ. ಆಮೇಲೆ ಅವನ ಮುಖ ನೋಡುವಂತಿರಲಿಲ್ಲ.

ಯಶ್ಮಿತಾಳೂ ಅರ್ಧ ಎದ್ದಿದ್ದಳು. ಮತ್ತೆ ಕೂತಳು.

"ಯಾರಾದರೂ ಎತ್ತಿಕೊಳ್ಳಿ ಮಾರಾಯ್ರೆ," ಎಂದಳು ಸ್ವರ್ಣಲತಾ, ಕೂತಲ್ಲಿಂದಲೇ.

"ನಮ್ಮಜ್ಜಿ ಊಟ ಮಾಡ್ತಾ ಇದ್ದಾರೆ ಅತ್ತೆ," ಎಂದಳು ಯಶ್ಮಿತಾ. "ಅದರ ಅಜ್ಜಿ ಏಳಲಿ."