ಯರ್ರಪ್ಪ ಮಗಳ ಶಾಲೆಗೆ ಹೋದ ದಿನ

ಶಾಲೆಯಿಂದ ಚೀಟಿ ಬಂತೆಂದರೆ ಯರ್ರಪ್ಪನ ಎದೆ ಧಸಕ್ಕೆನ್ನುತ್ತಿತ್ತು. ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಅವನ ಕೈಚಳಕಕ್ಕೆ ಸಾಟಿಯಿರಲಿಲ್ಲ. ಹರಿದ ರೇಷ್ಮೆ ಎಳೆಯನ್ನು ಕಣ್ಣು ಮುಚ್ಚಿಕೊಂಡೇ ಹುಡುಕಿ ಗಂಟು ಹಾಕುವವನು ಅವನು. ಆದರೆ ಬರೆದ ಕಾಗದ ಕಂಡರೆ ಮಾತ್ರ ಹಾವು ಕಂಡವನಂತೆ ಹಿಂದೆ ಸರಿಯುತ್ತಿದ್ದ.

ಮೈಸೂರು ಸೀಮೆಯ ಊರುಗಳಲ್ಲಿ ಸರ್ಕಾರಿ ಶಾಲೆಗಳು ಒಂದೊಂದಾಗಿ ತೆರೆಯುತ್ತಿದ್ದ ಕಾಲ ಅದು. ಯರ್ರಪ್ಪನ ಒಬ್ಬಳೇ ಮಗಳು ಈಶ್ವರಮ್ಮನಿಗೆ ಒಂಬತ್ತು ವರ್ಷ. ಮೂರನೇ ಕ್ಲಾಸು ಮುಗಿಯುತ್ತಾ ಬಂದಿತ್ತು. ಅವಳನ್ನು ಶಾಲೆಗೆ ಸೇರಿಸಿದ್ದು ತಾಯಿ ಗೋವಿಂದಮ್ಮನ ಹಟ. ಯರ್ರಪ್ಪ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

ಯುಗಾದಿ ಕಳೆದು ವಾರವಾಗಿತ್ತು. ಸಂಜೆ ಮಗಳು ಓಡುತ್ತಾ ಬಂದು ಮಗ್ಗದ ಗುಂಡಿಯ ಅಂಚಿನಲ್ಲಿ ಕೂತಳು.

"ನಾಯ್ನಾ, ಮೇಷ್ಟ್ರು ಎಲ್ಲರ ಮನೆಗೂ ಚೀಟಿ ಕೊಟ್ಟವ್ರೆ. ಓದ್ಲಾ?"

"ಓದು," ಎಂದಳು ಗೋವಿಂದಮ್ಮ ಒಲೆಯ ಮುಂದಿನಿಂದಲೇ.

ಈಶ್ವರಮ್ಮ ಬೆರಳಿಟ್ಟು ಓದಿದಳು. ಬರುವ ಅಮಾವಾಸ್ಯೆಯ ಬೆಳಿಗ್ಗೆ ಶಾಲೆಯಲ್ಲಿ ವರ್ಷದ ಕೊನೆಯ ಕೂಟ. ಮಕ್ಕಳು ತಾವೇ ಬರೆದದ್ದನ್ನು ಓದುತ್ತಾರೆ. ಯಾರು ತೇರ್ಗಡೆಯಾದರು, ರಜೆ ಎಷ್ಟು ದಿನ, ಮತ್ತೆ ಶಾಲೆ ಎಂದು ಶುರು ಎಂಬುದನ್ನು ಅಲ್ಲೇ ತಿಳಿಸಲಾಗುವುದು. ಮಾರನೆಯ ದಿನ ಮಕ್ಕಳನ್ನು ಹತ್ತಿರದ ಬ್ರಹ್ಮಗಿರಿ ಗುಡ್ಡಕ್ಕೆ ಕರೆದುಕೊಂಡು ಹೋಗಿ ಬಂಡೆಯ ಮೇಲಿನ ಹಳೇ ಅಕ್ಷರ ತೋರಿಸಲಾಗುವುದು. ತಾಯಿ ತಂದೆ ಇಬ್ಬರೂ ತಪ್ಪದೆ ಬರಬೇಕು.

"ನಾನೂ ಓದ್ತೀನಿ ನಾಯ್ನಾ. ನೀನು ಬರ್ತೀಯಲ್ಲ?"

ಯರ್ರಪ್ಪ ಲಾಳಿ ಎಸೆಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮವ್ವ ಬರ್ತಾಳೆ ಬಿಡು. ಮೂರು ಕ್ಲಾಸು ಆಯ್ತು, ಇನ್ನು ಸಾಕು. ಮನೇಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತೋರು ಯಾರು?"

ಮಗಳು ಚೀಟಿ ಮಡಚಿಟ್ಟು ರಾಟೆಯ ಮುಂದೆ ಹೋಗಿ ಕೂತಳು. ಅಳಲಿಲ್ಲ. ಆ ಸಂಜೆ ಅವಳು ಸುತ್ತಿದ ಕಂಡಿಕೆಗಳಲ್ಲಿ ನೂಲೆಲ್ಲ ಸಡಿಲ.

ಮರುದಿನ ಚಳ್ಳಕೆರೆಯಿಂದ ಕಂಬಳಿ ಹೇರಿಕೊಂಡು ಹಳೇ ಗೆಳೆಯ ತಿಪ್ಪೇರುದ್ರಪ್ಪನ ಗಾಡಿ ಬಂತು. ಮೊಳಕಾಲ್ಮೂರಿಗೆ ಬಂದಾಗಲೆಲ್ಲ ಎತ್ತು ಬಿಚ್ಚಿ ಯರ್ರಪ್ಪನ ಜಗಲಿಯ ಮೇಲೆ ಕಾಲು ಚಾಚುವುದು ಅವನ ರೂಢಿ. ಗೋವಿಂದಮ್ಮ ಮಜ್ಜಿಗೆ ಕೊಟ್ಟಳು, ಜೊತೆಗೆ ಚೀಟಿಯ ಸುದ್ದಿಯನ್ನೂ ಹೇಳಿದಳು.

"ಲೇ ಯರ್ರ, ಹೋಗೋಕೆ ಏನಲೇ ನಿನಗೆ ಕಷ್ಟ?" ಎಂದ ತಿಪ್ಪೇರುದ್ರಪ್ಪ.

"ಕೆಲ್ಸ ಐತೆ."

"ಅಮಾವಾಸ್ಯೆ ದಿನ ಯಾವ ನೇಕಾರ ಮಗ್ಗಕ್ಕೆ ಇಳೀತಾನಲೇ? ಆ ಮೇಷ್ಟ್ರು ಅದನ್ನೆಲ್ಲ ನೋಡೇ ಅವತ್ತು ಇಟ್ಟವ್ರೆ. ನಿಮ್ಮಂಥೋರಿಗೆ ಬಿಡುವಿರ್ಲಿ ಅಂತ."

ಯರ್ರಪ್ಪನಿಗೆ ಇದು ಹೊಳೆದಿರಲಿಲ್ಲ. ಹೆಂಡತಿ ಒಳಗೆ ಹೋದದ್ದನ್ನು ನೋಡಿಕೊಂಡು ಸಣ್ಣ ದನಿಯಲ್ಲಿ ಹೇಳಿದ: "ಚಿಕ್ಕೋನಿದ್ದಾಗ ನಾನೂ ಅಕ್ಷರ ಕಲಿಯೋಕೆ ಅಯ್ಯನೋರ ಮಠಕ್ಕೆ ಹೋಗಿದ್ದೆ ಕಣಲೇ. ಮೂರೇ ದಿನ. ಅಯ್ಯನೋರು ಏನೋ ಕೇಳಿದ್ರು, ಬಾಯಿಗೆ ನಮ್ಮ ಮನೆ ಮಾತು ತೆಲುಗು ಬಂತು. ಎಲ್ಲ ನಕ್ರು. ಕೈ ಊದೋ ಹಂಗೆ ಹೊಡೆದ್ರು. ಈಗ ಇಷ್ಟು ವಯಸ್ಸಾದ ಮೇಲೆ ಮಗಳ ಎದುರಿಗೆ ಮತ್ತೆ ನಗೆಪಾಟಲಾಗ್ಲಾ?"

ತಿಪ್ಪೇರುದ್ರಪ್ಪ ನಗಲಿಲ್ಲ. ಮಜ್ಜಿಗೆಯ ಚೆಂಬನ್ನು ಕೆಳಗಿಟ್ಟ.

"ನನ್ನ ಮಗ ಚೌಡೇಶ ಗೊತ್ತಲ್ಲ ನಿನಗೆ. ನಮ್ಮೂರ ಶಾಲೇಲೂ ಇಂಥದ್ದೇ ಕೂಟ ಮಾಡಿದ್ರು. ಬಾ ಅಪ್ಪ ಅಂತ ಕರೆದ. ನನಗೇನು ತಿಳೀತದೆ ಅಂತ ನಾನು ಗಾಡಿ ಹೂಡ್ಕೊಂಡು ಹೋಗಿಬಿಟ್ಟೆ. ಪದ್ಯ ಹೇಳ್ತಾ ಹೇಳ್ತಾ ಬಾಗಿಲ ಕಡೇನೇ ನೋಡ್ತಿದ್ನಂತೆ. ಅರ್ಧಕ್ಕೇ ನಿಂತೋಯ್ತಂತೆ. ರಜೆ ಮುಗಿದ ಮೇಲೆ ಶಾಲೆ ಕಡೆ ತಲೆ ಹಾಕಲಿಲ್ಲ. ನಾನೂ ಸುಮ್ನಾದೆ. ಈಗ ಅವನೂ ಗಾಡಿ ಹೊಡೀತಾನೆ. ಕೆಟ್ಟ ಕೆಲಸ ಅಲ್ಲ ಬಿಡು. ಆದ್ರೆ ಅವನಿಗೆ ಓದೋ ಆಸೆ ಇತ್ತು ಕಣಲೇ, ಅದನ್ನ ನಾನು ನೋಡ್ಲಿಲ್ಲ."

ಅಷ್ಟು ಹೇಳಿ ಅವನು ಎತ್ತಿಗೆ ನೀರು ಕುಡಿಸಲು ಎದ್ದ.

ಅಮಾವಾಸ್ಯೆ ಬಂತು. ಯರ್ರಪ್ಪ ಬೆಳಿಗ್ಗೆಯೇ ಮಿಂದು ಮಡಿ ಪಂಚೆ ಉಟ್ಟ. ಗೋವಿಂದಮ್ಮ ರುಮಾಲು ತಂದು ಕೈಗೆ ಕೊಟ್ಟಳು. ಈಶ್ವರಮ್ಮ ಮಾತ್ರ ದಾರಿಯುದ್ದಕ್ಕೂ ಅಪ್ಪನ ಕೈ ಬಿಡಲಿಲ್ಲ.

ಶಾಲೆಯೆಂದರೆ ಒಂದು ಉದ್ದನೆಯ ಹಜಾರ. ಬಾಗಿಲಿಗೆ ಮಾವಿನ ತೋರಣ, ನೆಲಕ್ಕೆ ಸೆಗಣಿ ಸಾರಿಸಿ ರಂಗೋಲಿ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಯರ್ರಪ್ಪ ಕೊನೆಯಲ್ಲಿ, ಥಟ್ಟನೆ ಎದ್ದು ಹೋಗಲು ಬರುವಂಥ ಜಾಗ ನೋಡಿ ಕೂತ. ಶಾಲೆಯ ಮೇಷ್ಟ್ರು, ಕೊಂಡ್ಲಹಳ್ಳಿಯ ದೊಡ್ಡೀರಪ್ಪ, ಎಲ್ಲರಿಗೂ ಕೈ ಮುಗಿದರು. ಒಬ್ಬ ಹುಡುಗ ಮಗ್ಗಿ ಹೇಳಿದ. ಇನ್ನೊಬ್ಬಳು ಹಾಡಿದಳು. ಆಮೇಲೆ ಈಶ್ವರಮ್ಮ ಹಲಗೆ ಹಿಡಿದು ಎದ್ದು ನಿಂತಳು.

"ನಮ್ಮ ಮನೆಯಲ್ಲಿ ಮಗ್ಗ ಇದೆ," ಎಂದು ಓದಿದಳು. "ನಮ್ಮ ಅಪ್ಪ ಸೀರೆ ನೇಯುವಾಗ ಮಾತಾಡುವುದಿಲ್ಲ. ಅಂಚಿನ ಬಣ್ಣ ಬೇರೆ, ಒಡಲಿನ ಬಣ್ಣ ಬೇರೆ. ಅದಕ್ಕೆ ಮೂರು ಲಾಳಿ ಬೇಕು. ಒಂದನ್ನು ನಾನು ಎಸೆಯುತ್ತೇನೆ. ಎಳೆ ಹೋದ ಮೇಲೆ ಅಪ್ಪ..."

ಅವಳ ಓದು ನಿಂತಿತು; ಹಲಗೆಯಲ್ಲಿ ಮುಂದಿನ ಮಾತಿನ ಜಾಗವನ್ನು ಖಾಲಿ ಬಿಟ್ಟಿದ್ದಳು. ತುಟಿ ಕಚ್ಚಿ ಅಪ್ಪನ ಕಡೆ ನೋಡಿದಳು. "ಮೇಷ್ಟ್ರೇ, ಎಳೆ ಬಡಿಯೋದಕ್ಕೆ ಮನೇಲಿ ಪನ್ನೆ ಅಂತೀವಿ. ಕನ್ನಡದಲ್ಲಿ ಗೊತ್ತಿಲ್ಲ."

ಯರ್ರಪ್ಪನ ಕಿವಿ ಬಿಸಿಯಾಯಿತು. ಈಗ ನಗುತ್ತಾರೆ ಅಂದುಕೊಂಡ.

ಮೇಷ್ಟ್ರು ನಗಲಿಲ್ಲ. "ನನಗೂ ಗೊತ್ತಿಲ್ಲಮ್ಮ," ಎಂದರು. ಜನರ ಕಡೆ ತಿರುಗಿ, "ಯರ್ರಪ್ಪನೋರೇ, ಇಲ್ಲಿ ಬರ್ರಿ. ನಮಗೆಲ್ಲ ಸ್ವಲ್ಪ ಹೇಳಿಕೊಡ್ರಿ," ಎಂದರು.

"ಸ್ವಾಮಿ, ನನಗೆ ಕನ್ನಡ ಸರಿಯಾಗಿ..."

"ತೆಲುಗಲ್ಲೇ ಹೇಳ್ರಿ. ಇಲ್ಲಿ ಅರ್ಧ ಜನಕ್ಕೆ ಅದೇ ಮನೆ ಮಾತು. ನಾನೂ ಕಲಿತೀನಿ."

ಯರ್ರಪ್ಪ ಎದ್ದ. ರುಮಾಲು ಸರಿಮಾಡಿಕೊಂಡು ಮುಂದೆ ಬಂದ. ಮಕ್ಕಳ ಮುಂದೆ ನಿಂತು, ಕೈಯನ್ನು ಮಗ್ಗದ ಮೇಲಿಟ್ಟಂತೆ ಗಾಳಿಯಲ್ಲಿ ಆಡಿಸುತ್ತಾ ಹೇಳತೊಡಗಿದ. "ಬಾಚಣಿಗೆ ನೋಡಿದೀರಲ್ಲ, ಹಂಗೇ ಇರ್ತದೆ. ಒಂದೊಂದು ಹಲ್ಲಿನ ಸಂದೀಲೂ ಎಳೆ ಹಾಯ್ತದೆ. ಲಾಳಿ ಆಚೆ ಹೋಯ್ತಾ, ಇದನ್ನ ಹಿಂಗೆ ಎಳೆದು ಬಡೀಬೇಕು. ಜೋರಾಗಿ ಬಡಿದ್ರೆ ಬಟ್ಟೆ ಒರಟು. ಮೆಲ್ಲಗೆ ಬಡಿದ್ರೆ ಜಾಳು." ಅರ್ಧ ಕನ್ನಡ, ಅರ್ಧ ತೆಲುಗು. ಒಂದು ಮಗುವೂ ಅಲುಗಾಡಲಿಲ್ಲ. "ಕನ್ನಡದೋರು ಇದಕ್ಕೆ ಹಣಿಗೆ ಅಂತಾರೆ," ಎಂದೂ ಅವನೇ ಹೇಳಿದ. ಮೇಷ್ಟ್ರು ಎರಡೂ ಮಾತನ್ನು ಹಲಗೆಯ ಮೇಲೆ ಬರೆದು ಮಕ್ಕಳಿಂದ ಓದಿಸಿದರು. ಈಶ್ವರಮ್ಮನ ದನಿ ಎಲ್ಲರಿಗಿಂತ ಮೇಲಿತ್ತು.

ಕೊನೆಗೆ ಮೇಷ್ಟ್ರು ಸುದ್ದಿ ಹೇಳಿದರು. ಈಶ್ವರಮ್ಮ ನಾಲ್ಕನೆಯ ಕ್ಲಾಸಿಗೆ ತೇರ್ಗಡೆ. ರಜೆ ಮುಗಿದು ಶಾಲೆ ಶುರುವಾಗುವ ದಿನವನ್ನೂ ಹೇಳಿದರು. ಬೇಸಿಗೆ ಕಳೆದ ಮೇಲೆ ಶಾಲೆ ಬೆಳಗಿನ ಹೊತ್ತು ನಡೆಯುತ್ತದೆ, ಮಧ್ಯಾಹ್ನ ಮಕ್ಕಳು ಮನೆಯಲ್ಲಿರಬಹುದು. "ರಜೇಲಿ ದಿನಕ್ಕೆ ಹತ್ತು ಸಾಲು ಓದಿಸ್ರಿ. ನಿಮಗೆ ಓದು ಬರದಿದ್ರೂ ಚಿಂತೆ ಇಲ್ಲ, ಎದುರಿಗೆ ಕೂತು ಕೇಳ್ರಿ. ಕೇಳೋರಿದ್ರೆ ಮಗು ಓದ್ತದೆ. ರಜೇಲಿ ಬಿಟ್ಟ ಅಕ್ಷರ ಮರೆತುಹೋಗ್ತವೆ, ಮರೆತ ಮಗು ನಾಚಿಕೊಂಡು ಶಾಲೆಗೇ ಬರಲ್ಲ."

ಯರ್ರಪ್ಪ ಕೂತಲ್ಲಿಂದಲೇ ಕೇಳಿದ: "ಸ್ವಾಮಿ, ಶಾಲೆ ಶುರುವಾಗೋ ದಿನ ಯಾವುದು ಅಂದ್ರಿ? ಇನ್ನೊಂದು ಸಲ ಹೇಳ್ರಿ."

ಗೋವಿಂದಮ್ಮ ಹೆಂಗಸರ ನಡುವಿನಿಂದ ಗಂಡನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗು ತಡೆಯಲಾಗಿರಲಿಲ್ಲ.

ಮಾರನೆಯ ದಿನ ಬ್ರಹ್ಮಗಿರಿಗೆ ಮೂವರೂ ಹೋದರು. ಬುತ್ತಿ ಕಟ್ಟಿದ್ದು ರಾಗಿರೊಟ್ಟಿ, ಶೇಂಗಾ ಚಟ್ನಿ. ಆ ಬೇಸಿಗೆಯಲ್ಲಿ ಪ್ರತಿದಿನ ಮಧ್ಯಾಹ್ನ ಊಟವಾದ ಮೇಲೆ ಯರ್ರಪ್ಪನ ಜಗಲಿಯ ಮೇಲೆ ಹತ್ತು ಸಾಲಿನ ಓದು ನಡೆಯಿತು. ಪಕ್ಕದ ಮನೆಯ ಪಾಪಕ್ಕ ತನ್ನ ಮೊಮ್ಮಗಳನ್ನೂ ಕರೆತಂದು ಕೂರಿಸಿದಳು. ಒಂದು ದಿನ ಯರ್ರಪ್ಪನೇ ಮಗಳ ಹಲಗೆ ತೆಗೆದುಕೊಂಡು, "ನನ್ನ ಹೆಸರಲ್ಲಿ ಮೊದಲ್ನೇ ಅಕ್ಷರ ಯಾವುದಮ್ಮ?" ಎಂದು ಕೇಳಿದ. ಶಾಲೆ ತೆರೆದ ದಿನ ಮಗಳನ್ನೂ ಪಾಪಕ್ಕನ ಮೊಮ್ಮಗಳನ್ನೂ ಅವನೇ ಕೈ ಹಿಡಿದು ಬಾಗಿಲತನಕ ಬಿಟ್ಟು ಬಂದ.

ಅಕ್ಕಂದಿರೇ, ಅಣ್ಣಂದಿರೇ, ವರ್ಷದ ಕೊನೆಗೆ ನಿಮ್ಮ ಮನೆಗೂ ಶಾಲೆಯಿಂದ ಕರೆ ಬರುತ್ತದೆ. ಓದು ಬರುವುದಿಲ್ಲ, ಮಾತು ಬರುವುದಿಲ್ಲ ಎಂದು ಹಿಂಜರಿಯಬೇಡಿ. ನಿಮಗೆ ಗೊತ್ತಿರುವುದು ಆ ಶಾಲೆಗೂ ಬೇಕು. ಆ ದಿನ ಇಬ್ಬರೂ ಹೋಗಿ. ರಜೆಯಲ್ಲಿ ದಿನಕ್ಕೆ ಹತ್ತು ಸಾಲು ಮಗುವಿನ ಬಾಯಿಂದ ಕೇಳಿ. ಶಾಲೆ ಶುರುವಾಗುವ ದಿನವನ್ನು ಕೇಳಿ ತಿಳಿದುಕೊಂಡು, ಅಂದೇ ಕಳಿಸಿ. ನಿಮ್ಮ ಮಗು ಎದ್ದು ನಿಂತು ಓದುವಾಗ ಮೊದಲು ಹುಡುಕುವುದು ನಿಮ್ಮ ಮುಖವನ್ನೇ.