ಬ್ಯಾಟರಿ ಗಾಡಿ ಮತ್ತು ಪಾಲಣ್ಣನ ವಾಚು

ಕರೇಕಲ್ಲು ಗುಡ್ಡದ ತಾಮ್ರದ ಗಣಿಗೆ ಬ್ಯಾಟರಿ ಗಾಡಿ ಬಂದದ್ದು ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ. ಅಲ್ಲಿಯತನಕ ಸುರಂಗದೊಳಗಿಂದ ಅದಿರಿನ ತೊಟ್ಟಿಗಳನ್ನು ಆಳುಗಳೇ ಹಳಿಯ ಮೇಲೆ ನೂಕಿಕೊಂಡು ಬರುತ್ತಿದ್ದರು. ಹೊಸ ಗಾಡಿಗೆ ಹೊಗೆಯಿಲ್ಲ, ಡೀಸೆಲ್ ಬೇಕಿಲ್ಲ. ಶೆಡ್ಡಿನಲ್ಲಿ ಚಾರ್ಜಿಗೆ ಹಾಕಿದರೆ ಮಾರನೇ ದಿನವಿಡೀ ಓಡುತ್ತಿತ್ತು. ಅದನ್ನು ಮೊದಲು ಓಡಿಸಲು ಕಲಿತವನು ತಾಳ್ಯದ ಕಡೆಯ ಗೊಲ್ಲರಹಟ್ಟಿಯ ಪಾಲಣ್ಣ.

ಮೀಸೆ ಬಲಿಯುವವರೆಗೂ ಕುರಿ ಕಾಯುತ್ತಿದ್ದವನು ಪಾಲಣ್ಣ. ಅವನನ್ನು ಗಣಿಗೆ ಸೇರಿಸಿದವನು ಹೆಂಡತಿ ಚಿತ್ತಮ್ಮನ ಅಣ್ಣ ಜುಂಜಯ್ಯ. ಸುರಂಗದ ಕೊನೆಯಲ್ಲಿ ಬಂಡೆಗೆ ಮದ್ದು ತುಂಬಿ ಬತ್ತಿ ಹಚ್ಚುವುದು ಜುಂಜಯ್ಯನ ಕೆಲಸ. ಸಿಡಿದ ಅದಿರನ್ನು ಹೊರಗೆ ತರುವುದು ಪಾಲಣ್ಣನ ಕೆಲಸ. ಜುಂಜಯ್ಯ ಹನ್ನೆರಡಕ್ಕೆ ಬತ್ತಿ ಹಚ್ಚಿ, ಪಕ್ಕದ ಕವಲಿನಿಂದ ಗುಡ್ಡದ ಆಚೆ ಮಗ್ಗುಲಿಗೆ ಹೊರಬೀಳುತ್ತಿದ್ದ. ಹೊಗೆ ತಿಳಿಯಾಗಲಿ ಅಂತ ಬಿಟ್ಟು, ಒಂದು ಗಂಟೆಗೆ ಪಾಲಣ್ಣ ಈಚೆ ಬಾಯಿಂದ ಗಾಡಿ ಒಳಗೆ ಬಿಡಬೇಕು. ಸುರಂಗದ ಬಾಯಲ್ಲೇ ಕಂಪ್ರೆಸರ್ ಗಡಗಡಿಸುತ್ತಿದ್ದರಿಂದ ಒಳಗಿನ ಸದ್ದು ಅಲ್ಲಿ ನಿಂತವನಿಗೆ ಕೇಳುತ್ತಿರಲಿಲ್ಲ. ನಂಬಬೇಕಾದ್ದು ವಾಚನ್ನೇ.

ಪಾಲಣ್ಣನ ವಾಚನ್ನು ಹಟ್ಟಿಗೆ ಹಟ್ಟಿಯೇ ನಂಬಿತ್ತು. ಬಸ್ಸಿಗೆ ಹೊರಟವರು ಅವನ ಬಾಗಿಲಿಗೆ ಬಂದು ಟೈಮು ಕೇಳಿಯೇ ಹೋಗುತ್ತಿದ್ದರು. ಗಾಡಿ ಓಡಿಸಲು ಶುರು ಮಾಡಿದ ಮೇಲೆ ಬೆವರಿಗೆ ಅದರ ಬೆಲ್ಟು ಕೊಳೆತು ಹರಿಯಿತು. ಅವನು ವಾಚನ್ನು ದಾರದಲ್ಲಿ ಗಾಡಿ ಓಡಿಸುವ ಹಿಡಿಕೆಗೇ ಕಟ್ಟಿಕೊಂಡ. ಹಿಡಿಕೆಯ ಬುಡದಲ್ಲೇ ಮೋಟಾರಿನ ಕಬ್ಬಿಣದ ಪೆಟ್ಟಿಗೆ.

ಕೆಲವು ದಿನದಲ್ಲೇ ಚಿತ್ತಮ್ಮ ಕೇಳಿದಳು. "ಪಂಚಾಯ್ತಿ ರೇಡಿಯೋದಾಗೆ ವಾರ್ತೆನೇ ಶುರುವಾಗಿಲ್ಲ, ನಿನ್ ವಾಚು ಆಗ್ಲೇ ಎಂಟು ಅಂತೈತೆ. ಏನಾಗೈತೆ ಇದಕ್ಕೆ?"

"ರೇಡಿಯೋದೋರು ತಡ ಮಾಡಿರ್ತಾರೆ ಬಿಡು," ಅಂದ ಪಾಲಣ್ಣ. ಬಸ್ಸು ದಿನಾ ತಡ ಅಂತ ಕಂಡಕ್ಟರನ ಜೊತೆ ಜಗಳವನ್ನೂ ಆಡಿದ. ಆದರೂ ಮನಸ್ಸು ತಡೆಯದೆ, ಬೆಳಿಗ್ಗೆ ಗಣಿಯ ಸೈರನ್ ಕೂಗಿದಾಗ ಮುಳ್ಳು ಸರಿಮಾಡಿಕೊಳ್ಳತೊಡಗಿದ. ದಿನಕ್ಕೊಂದು ಸಲ ತಿದ್ದಿದರೆ ಸಾಕು ಅನ್ನುವುದು ಅವನ ಲೆಕ್ಕ.

ಆ ಮಂಗಳವಾರವೂ ಸೈರನ್ನಿಗೆ ತಿದ್ದಿಕೊಂಡೇ ಗಾಡಿ ಹತ್ತಿದ್ದ. ಮಧ್ಯಾಹ್ನ ರೊಟ್ಟಿ ತಿಂದು, ಸುರಂಗದ ಬಾಯಲ್ಲಿ ಕೂತು, ವಾಚಿನಲ್ಲಿ ಒಂದು ಗಂಟೆಯಾದದ್ದು ನೋಡಿ ಹಿಡಿಕೆ ತಿರುಗಿಸಿದ. ಖಾಲಿ ತೊಟ್ಟಿಗಳನ್ನು ಎಳೆದುಕೊಂಡು ಗಾಡಿ ಕತ್ತಲೊಳಗೆ ನುಗ್ಗಿತು.

ಅರ್ಧ ದಾರಿ ದಾಟಿದ ಮೇಲೆ ಅವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಹೊಗೆ ಇಲ್ಲ. ಮದ್ದಿನ ಘಾಟು ಇಲ್ಲ. ಗಾಳಿ ಬೆಳಗಿನಷ್ಟೇ ತಣ್ಣಗಿದೆ. ಇವತ್ತು ಬೇಗ ತಿಳಿಯಾಗಿದೆ ಅಂದುಕೊಂಡು ಮುಂದೆ ಹೋದ. ಕವಲು ಕಳೆದು ತಿರುವಿಗೆ ಬರುವಷ್ಟರಲ್ಲಿ ಎದುರಿಗೊಂದು ದೀಪ ಕುಣಿಯುತ್ತ ಬಂತು. ದೀಪದ ಹಿಂದೆ ಜುಂಜಯ್ಯ ಬಾಯಿ ತೆರೆದು ಕಿರುಚುತ್ತಿದ್ದ.

"ಹಿಂದಕ್ಕೆ! ಬತ್ತಿ ಹಚ್ಚೀನಿ ಕಣೋ! ಹಿಂದಕ್ಕೆ ತಗಿ!"

ಪಾಲಣ್ಣನ ಕೈ ಹಿಡಿಕೆಯ ಮೇಲೇ ಮರಗಟ್ಟಿತು. ಕವಲಿನ ಬಾಯಿಗೆ ಅವನ ತೊಟ್ಟಿಗಳೇ ಅಡ್ಡ ನಿಂತಿದ್ದವು. ಜುಂಜಯ್ಯ ತಪ್ಪಿಸಿಕೊಳ್ಳಬೇಕಾದ ದಾರಿಯನ್ನು ಅವನೇ ಮುಚ್ಚಿಬಿಟ್ಟಿದ್ದ. ಜುಂಜಯ್ಯ ಹಾರಿ ಗಾಡಿಯ ಮೇಲೆ ಬಿದ್ದು, ಅವನ ಕೈಯ ಸಮೇತ ಹಿಡಿಕೆಯನ್ನು ಹಿಂದಕ್ಕೆ ತಿರುವಿದ. ಗಾಡಿ ಮುಗ್ಗರಿಸಿ ಹಿಮ್ಮುಖವಾಗಿ ಹೊರಟಿತು. ಕವಲು ದಾಟಿರಬೇಕು, ಅಷ್ಟೇ. ಗುಡ್ಡವೇ ಒಳಗಿಂದ ಒದ್ದ ಹಾಗಾಯಿತು. ದೀಪಗಳೆರಡೂ ಆರಿದವು. ಕಲ್ಲುಗಳು ಗಾಡಿಗೆ, ತೊಟ್ಟಿಗಳಿಗೆ ಬಡಿದವು, ಆಮೇಲೆ ಬಿಸಿ ಗಾಳಿ, ದೂಳು.

ಹೊರಗೆ ಬಿಸಿಲಿಗೆ ಬಂದಾಗ ಪಾಲಣ್ಣನ ಮೈಮೇಲೆ ತರಚು ಗಾಯ ಬಿಟ್ಟರೆ ಏನೂ ಇರಲಿಲ್ಲ. ಜುಂಜಯ್ಯನ ಎಡಗಿವಿಯಿಂದ ರಕ್ತ ಇಳಿದು ಅಂಗಿಯ ಕಾಲರು ನೆಂದಿತ್ತು. ಅವನು ಪಾಲಣ್ಣನ ಎದೆಯ ಅಂಗಿ ಹಿಡಿದು ಅಲ್ಲಾಡಿಸಿದ.

"ಏನ್ ಮಾಡ್ದೆ ಅಂತ ಗೊತ್ತೇನೋ ನಿನಗೆ? ನನ್ ತಂಗೀನ ಮುಂಡೆ ಮಾಡಾಕೆ ಬಂದಿದ್ದೇನೋ?"

"ಒಂದು ಗಂಟೆ ಆಗಿತ್ತು ಭಾವ... ದೇವರಾಣೆ ಆಗಿತ್ತು," ಅನ್ನುವುದೊಂದೇ ಪಾಲಣ್ಣನ ಬಾಯಲ್ಲಿ.

ಮ್ಯಾನೇಜರ್ ಕಾಟಲಿಂಗಪ್ಪ ಓಡಿ ಬಂದರು. ಪಾಲಣ್ಣನ ವಾಚನ್ನು ತಮ್ಮ ವಾಚಿನ ಪಕ್ಕ ಹಿಡಿದು ನೋಡಿ ಅವರ ಮುಖ ಬಿಳಿಚಿತು. ಅವರದರಲ್ಲಿ ಇನ್ನೂ ಹನ್ನೆರಡೂವರೆಯೂ ಆಗಿರಲಿಲ್ಲ.

"ಬೇಗ ಮುಗಿಸಿ ಮನೆಗೆ ಹೋಗಬೇಕು ಅಂತ ಮುಳ್ಳು ತಿರುಗಿಸಿ ಇಟ್ಕೊಂಡಿದೀಯ ಅಲ್ವೇನಯ್ಯ? ನಾಳೆಯಿಂದ ಕೆಲಸಕ್ಕೆ ಬರಬೇಡ."

ಹಟ್ಟಿಗೆ ಸುದ್ದಿ ಅವನಿಗಿಂತ ಮುಂಚೆ ಮುಟ್ಟಿತ್ತು. ಮನೆಯಲ್ಲಿ ಅವನು ಉಣ್ಣಲಿಲ್ಲ. ಕಣ್ಣು ಮುಚ್ಚಿದರೆ ಕುಣಿಯುವ ದೀಪವೇ ಕಾಣುತ್ತಿತ್ತು. ಚಿತ್ತಮ್ಮನಿಗೂ ಅಣ್ಣನ ಕಿವಿಯದೇ ಚಿಂತೆ. ಆದರೂ ಕೊನೆಗೆ ಅವಳೇ ಎದುರಿಗೆ ಬಂದು ಕೂತಳು.

"ಮುಳ್ಳು ನೀನು ತಿರುಗಿಸಿದ್ದೇನು? ನನ್ನ ಮುಖ ನೋಡಿ ಹೇಳು."

"ಇಲ್ಲ ಚಿತ್ತಮ್ಮ. ಬೆಳಿಗ್ಗೆ ಸೈರನ್ನಿಗೆ ಸರಿ ಮಾಡಿದ್ದೆ."

"ಹಂಗಾದ್ರೆ ತಪ್ಪು ಅದರೊಳಗೇ ಐತೆ. ಏಳು, ದುರ್ಗಕ್ಕೆ ಹೋಗಾಣ."

ಚಿತ್ರದುರ್ಗದ ಸಂತೇಪೇಟೆಯಲ್ಲಿ ವಾಚು ರಿಪೇರಿ ಮಾಡುವ ಶಿವಕುಮಾರಪ್ಪ ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದರು. ಆಮೇಲೆ ಡ್ರಾದಿಂದ ಚಿಕ್ಕದೊಂದು ದಿಕ್ಸೂಚಿ ತೆಗೆದು ವಾಚಿನ ಹತ್ತಿರ ಸರಿಸಿದರು. ಸುಮ್ಮನೆ ನಿಂತಿದ್ದ ಮುಳ್ಳು ಗಕ್ಕನೆ ವಾಚಿನ ಕಡೆ ತಿರುಗಿತು. ಚಿತ್ತಮ್ಮ ಹೌಹಾರಿ ಹಿಂದೆ ಸರಿದಳು.

"ಅಯಸ್ಕಾಂತ ಹತ್ತೈತಮ್ಮ ಇದಕ್ಕೆ," ಅಂದರು ಶಿವಕುಮಾರಪ್ಪ. "ಒಳಗೆ ಕೂದಲಿನಂಥ ಸುರುಳಿ ಸ್ಪ್ರಿಂಗ್ ಐತೆ ನೋಡ್ರಿ. ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡವೆ. ಅಂಟಿದ್ರೆ ಸ್ಪ್ರಿಂಗ್ ಗಿಡ್ಡ ಆದಂಗೆ, ವಾಚು ದಬದಬ ಓಡ್ತೈತೆ. ಬೇರೆ ವಾಚಾದ್ರೆ ಹಿಂದೂ ಬೀಳಬೋದು, ನಿಂತೂ ಹೋಗಬೋದು. ದೊಡ್ಡ ಮೋಟಾರಿನ ಹತ್ರ ಇಟ್ಟಿದ್ರೇನು?"

ಹಿಡಿಕೆಗೆ ದಾರ ಸುತ್ತಿದ್ದು ಪಾಲಣ್ಣನ ಕೈಯೇ.

ದಿಕ್ಸೂಚಿಯನ್ನು ಕೇಳಿ ಪಡೆದು ಇಬ್ಬರೂ ನೇರ ಗಣಿಗೆ ಬಂದರು. ಕಾಟಲಿಂಗಪ್ಪ ಎಲ್ಲ ಕೇಳಿ ತಲೆಯಾಡಿಸಿದರು. "ನೀನೊಬ್ಬನೇ ಏನಪ್ಪ ಗಾಡಿ ಹತ್ತೋದು? ಅದರ ಮೇಲೆ ಕೂತು ಎಲ್ಲರೂ ಓಡಾಡ್ತಾರೆ. ಅವರ ವಾಚಿಗೆ ಏನೂ ಆಗಿಲ್ಲವಲ್ಲ."

"ಆಗಿಲ್ಲ ಅಂತ ಯಾರು ನೋಡ್ಯಾರೆ ಸಾಹೇಬ್ರೆ?" ಅಂದಳು ಚಿತ್ತಮ್ಮ.

ಕಾಟಲಿಂಗಪ್ಪ ಗಣಿಯಲ್ಲಿ ವಾಚು ಕಟ್ಟುವವರನ್ನೆಲ್ಲ ಕರೆಸಿದರು. ಕಿವಿಗೆ ಹತ್ತಿ ತುಂಬಿಕೊಂಡ ಜುಂಜಯ್ಯನೂ ಬಂದ. ಪಾಲಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ಒಬ್ಬೊಬ್ಬರೂ ವಾಚು ಬಿಚ್ಚಿ ಮೇಜಿನ ಮೇಲಿಟ್ಟರು. ಕಾಟಲಿಂಗಪ್ಪ ದಿಕ್ಸೂಚಿಯನ್ನು ಒಂದರಿಂದ ಒಂದಕ್ಕೆ ಸರಿಸುತ್ತ ಹೋದರು. ಹೆಚ್ಚುಕಡಿಮೆ ಎಲ್ಲದರ ಹತ್ತಿರವೂ ಮುಳ್ಳು ಕುಣಿಯಿತು. ಎಂದೂ ಗಾಡಿ ಹತ್ತದ ಅವರದೇ ವಾಚಿನ ಹತ್ತಿರ ಮಾತ್ರ ತೆಪ್ಪಗಿತ್ತು.

ಆಗ ಯಾರೋ ಹಿಂದಿನಿಂದ, "ಟೈಮು ನೋಡ್ರಿ ಸಾರ್, ಟೈಮು," ಅಂದರು.

ಎಲ್ಲರೂ ಮೇಜಿನ ಮೇಲೆ ಬಗ್ಗಿದರು. ಒಂದರ ಮುಳ್ಳು ಇದ್ದ ಕಡೆ ಇನ್ನೊಂದರದು ಇರಲಿಲ್ಲ. ಒಂದು ಮುಂದೋಡಿತ್ತು, ಒಂದು ಹಿಂದುಳಿದಿತ್ತು, ಒಂದು ಯಾವಾಗಲೋ ನಿಂತುಹೋಗಿತ್ತು. ಗಾಡಿ ಬಂದಾಗಿನಿಂದ ದಿನಾ ಇದೇ ವಾಚುಗಳನ್ನು ನೋಡಿ ಮದ್ದು ಸಿಡಿಸಿದ್ದರು, ಇದೇ ವಾಚುಗಳನ್ನು ನೋಡಿ ಒಳಗೆ ಹೋಗಿದ್ದರು. ಕಾಟಲಿಂಗಪ್ಪ ಕುರ್ಚಿ ಹಿಡಿದುಕೊಂಡು ಕೂತರು.

ಜುಂಜಯ್ಯ ತನ್ನ ವಾಚನ್ನು ಎತ್ತಿಕೊಂಡ. ಅದು ಹಿಂದುಳಿದ ವಾಚು. ಮಂಗಳವಾರ ಹನ್ನೆರಡು ಅಂದುಕೊಂಡು ಅವನು ಬತ್ತಿ ಹಚ್ಚಿದಾಗ ಹನ್ನೆರಡು ಯಾವಾಗಲೋ ಕಳೆದಿತ್ತು. ಇವನು ತಡ, ಪಾಲಣ್ಣ ಬೇಗ. ಇಬ್ಬರೂ ಸಿಕ್ಕಿದ್ದು ತಿರುವಿನಲ್ಲಿ. ಜುಂಜಯ್ಯ ಪಾಲಣ್ಣನ ಕಡೆ ತಿರುಗಿದ.

"ನನ್ನದೂ ಸುಳ್ಳು ಹೇಳೈತಲ್ಲೋ ಪಾಲಣ್ಣ," ಅಂದ. ಕಿವಿ ಕೇಳದ್ದರಿಂದ ಮಾತು ಜೋರಾಗಿ ಹೊರಟಿತು.

ಪಾಲಣ್ಣ ಅಲ್ಲೇ ಕುಸಿದು ಕೂತು ಅತ್ತುಬಿಟ್ಟ. ಚಿತ್ತಮ್ಮ ಅಣ್ಣನ ತೋಳು ಹಿಡಿದುಕೊಂಡು ನಿಂತಳು.

ಅವತ್ತೇ ಕಟ್ಟಳೆ ಬದಲಾಯಿತು. ಗಾಡಿಯ ಹತ್ತಿರ ಯಾರೂ ವಾಚು ತರಕೂಡದು. ಬತ್ತಿ ಹಚ್ಚಿದವನು ಗುಡ್ಡ ಸುತ್ತಿಕೊಂಡು ಈಚೆ ಬಾಯಿಗೆ ಬಂದು, ಹೊಗೆ ತಿಳಿಯಾದದ್ದು ತಾನೇ ನೋಡಿ ಹೇಳುವತನಕ ಗಾಡಿ ಕದಲಕೂಡದು. ಕಾಟಲಿಂಗಪ್ಪ ಪಾಲಣ್ಣನನ್ನು ಮತ್ತೆ ಕೆಲಸಕ್ಕೆ ಕರೆದರು. ತಪ್ಪು ತಿಳಿದುಕೊಂಡೆ ಅಂತ ಎಲ್ಲರ ಮುಂದೆ ಹೇಳಿದರು. ಜುಂಜಯ್ಯನ ಎಡಗಿವಿ ಮಾತ್ರ ಮತ್ತೆ ಕೇಳಿಸಲಿಲ್ಲ.

ಕೆಲಸಕ್ಕೆ ಮರಳಿದ ದಿನ ಪಾಲಣ್ಣ ಗಾಡಿ ಹತ್ತಿ ಕೂತ, ಆದರೆ ಕೈ ಮೇಲೇಳಲಿಲ್ಲ. ಸುರಂಗದ ಕತ್ತಲು ನೋಡಿದರೆ ಮೈ ಬೆವರುತ್ತಿತ್ತು. ಜುಂಜಯ್ಯ ಗುಡ್ಡದ ಮಗ್ಗುಲಿಂದ ಇಳಿದು ಬಂದ, ಸುರಂಗದೊಳಕ್ಕೆ ನಾಲ್ಕು ಹೆಜ್ಜೆ ಹೋಗಿ ಹೊಗೆ ನೋಡಿ ಬಂದು, ಅವನ ಪಕ್ಕ ಹತ್ತಿ ಕೂತ.

"ಮದ್ದು ಹಾರೈತೆ. ಹೊಗೇನೂ ಕಳೆದೈತೆ. ನಾನೇ ನೋಡೀನಿ."

"ಕೈ ಬರವಲ್ದು ಭಾವ."

"ಏನಂದೆ? ಈ ಕಿವಿಗೆ ಹೇಳು."

ಪಾಲಣ್ಣ ಅವನ ಬಲಗಿವಿಯ ಹತ್ತಿರ ಬಗ್ಗಿ ಇನ್ನೊಮ್ಮೆ ಹೇಳಿದ. ಜುಂಜಯ್ಯ ಅವನ ಕೈಯೆತ್ತಿ ಹಿಡಿಕೆಯ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟ.

"ಹೋಗಾಣ," ಅಂದ. ಗಾಡಿ ಮೆಲ್ಲಗೆ ಒಳಗೆ ಹೊರಟಿತು.